ಪಲ್ಲವಿ ಇದೆ, ಎರಡನೇ ಚರಣ ಇಲ್ಲ

ಪ್ರಶ್ನೆ: ನಾನು ಚಿಂತಾಮಣಿಯವಳು. ವಯಸ್ಸು 38. ಕೋಲಾರದ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕಾಲೇಜಿನಲ್ಲಿದ್ದಾಗ ಹಾಡು ಬರೆದು, ನಾನೇ ರಾಗ ಹಾಕಿ ಹಾಡುತ್ತಿದ್ದೆ. ಬೀದಿ ನಾಟಕಗಳಿಗೂ ಬರೆದುಕೊಟ್ಟಿದ್ದೇನೆ. ಮದುವೆ, ಮಗ, ಕೆಲಸ ಅಂತ ಎಲ್ಲ ನಿಂತುಹೋಯಿತು. ಈಗ ಕೂತರೆ ಎರಡು ಸಾಲು ಬರುತ್ತದೆ, ಅಷ್ಟೇ. ನೋಟ್‌ಬುಕ್ ತುಂಬ ಬರೀ ಪಲ್ಲವಿಗಳು. ಬೆಂಗಳೂರಿನ ಗೆಳತಿಯೊಬ್ಬಳು ಫೆಬ್ರವರಿಯಲ್ಲಿ 28 ದಿನಕ್ಕೆ 14 ಹಾಡು ಬರೆಯುವ ಸವಾಲು ತೆಗೆದುಕೊಳ್ಳೋಣ ಅನ್ನುತ್ತಿದ್ದಾಳೆ. ಹೀಗೆ ಲೆಕ್ಕ ಇಟ್ಟು ಬರೆದರೆ ಹಾಡು ಹುಟ್ಟುತ್ತದಾ? ಮನೆಯಲ್ಲಿ ನಾವು ತೆಲುಗು ಮಾತಾಡುವವರು. ಹಾರ್ಮೋನಿಯಂ ಮಾರಿಬಿಟ್ಟೆವು. ಒಬ್ಬಳೇ ಕೂರುವ ಜಾಗವೂ ಇಲ್ಲ. ಬರೆದದ್ದು ಕೆಟ್ಟದಾಗಿದ್ದರೆ ಏನು ಮಾಡಲಿ? ಚೆನ್ನಾಗಿದ್ದರೆ ಯೂಟ್ಯೂಬ್‌ಗೆ ಹಾಕಬಹುದಾ?

ಉತ್ತರ: ಸವಾಲು ತೆಗೆದುಕೊಳ್ಳಿ. ಆದರೆ 14 ಬೇಡ, 8 ಸಾಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ನೋಟ್‌ಬುಕ್ಕಿನ ಮಾತು. ಎರಡು ಸಾಲು ಬರುತ್ತಿದೆ ಅಂದರೆ ಹಾಡು ಬತ್ತಿಲ್ಲ. ಬತ್ತಿದವರಿಗೆ ಆ ಎರಡು ಸಾಲೂ ಬರುವುದಿಲ್ಲ. ನಿಮ್ಮಲ್ಲಿ ನಿಂತಿರುವುದು ಮುಗಿಸುವ ಅಭ್ಯಾಸ. ಹಾಡು ಬರೆಯುವ ಬಹಳ ಜನರನ್ನು ನೋಡಿದ್ದೇನೆ, ಎಲ್ಲರ ಕಥೆ ಒಂದೇ. ಪಲ್ಲವಿ ಎಲ್ಲಿಂದಲೋ ಬಂದುಬಿಡುತ್ತದೆ, ಸ್ನಾನದ ಮನೆಯಲ್ಲೋ ಬಸ್ಸಿನಲ್ಲೋ. ಮೊದಲ ಚರಣ ಅದರ ಬಾಲ ಹಿಡಿದುಕೊಂಡು ಬರುತ್ತದೆ. ಎರಡನೇ ಚರಣಕ್ಕೆ ಬಂದಾಗ ಹೇಳಬೇಕಾದ್ದೆಲ್ಲ ಹೇಳಿ ಆಗಿರುತ್ತದೆ. ಆಗ ಪೆನ್ನು ಕೆಳಗಿಟ್ಟು, "ಮೂಡ್ ಇಲ್ಲ, ಆಮೇಲೆ ನೋಡೋಣ" ಅನ್ನುತ್ತೇವೆ. ಆ ಆಮೇಲೆ ಬರುವುದೇ ಇಲ್ಲ, ಅಲ್ವಾ?

ಸವಾಲಿನ ಕೆಲಸ ಇಲ್ಲಿದೆ. ಅದು ನಿಮಗೆ ಸ್ಫೂರ್ತಿ ತಂದುಕೊಡುವುದಿಲ್ಲ, ಪ್ರತಿಭೆಯನ್ನಂತೂ ಕೊಡುವುದೇ ಇಲ್ಲ. ನಾಳೆ ಇನ್ನೊಂದು ಹಾಡು ಶುರುವಾಗಬೇಕಲ್ಲ, ಹಾಗಾಗಿ ಇವತ್ತಿನದನ್ನು ಹೇಗೋ ಮುಗಿಸಿ ಅನ್ನುತ್ತದೆ. ಒಳ್ಳೆಯದೋ ಕೆಟ್ಟದ್ದೋ ಅಂತ ತೀರ್ಪು ಕೊಡುವವರು ನಮ್ಮೊಳಗೇ ಒಬ್ಬರು ಕೂತಿರುತ್ತಾರೆ. ಪುರಸೊತ್ತು ಕೊಟ್ಟರೆ ಅವರು ಎರಡನೇ ಸಾಲಿಗೇ ಬಾಯಿ ಹಾಕುತ್ತಾರೆ. ಗಡುವು ಇದ್ದಾಗ ಅವರು ಹಾಡು ಮುಗಿಯುವವರೆಗೆ ಕಾಯಬೇಕಾಗುತ್ತದೆ.

ನಿಮ್ಮ ಗೆಳತಿ ಹೇಳಿದ್ದು ಫೆಬ್ರವರಿ ಆಲ್ಬಂ ರೈಟಿಂಗ್ ಮಂತ್ ಇರಬೇಕು. ಬರ್ ಸೆಟಲ್ಸ್ ಎಂಬ ಸಂಗೀತಗಾರ ಅಮೆರಿಕದಲ್ಲಿ 2004ರಲ್ಲಿ ಶುರು ಮಾಡಿದ್ದು. ಎರಡು ದಿನಕ್ಕೊಂದರಂತೆ 28 ದಿನಕ್ಕೆ 14 ಹಾಡು, ಒಂದು ಆಲ್ಬಂ ತುಂಬುವಷ್ಟು. ಬಹುಮಾನ ಇಲ್ಲ, ಮೊದಲ ಸ್ಥಾನ ಎರಡನೇ ಸ್ಥಾನ ಇಲ್ಲ. ಇದಕ್ಕೊಬ್ಬ ಅಣ್ಣ ಬೇರೆ ಇದ್ದಾನೆ: ಜುಲೈ 4ರಿಂದ ಅಕ್ಟೋಬರ್ 1ರವರೆಗೆ, 90 ದಿನಕ್ಕೆ 50 ಹಾಡು. ಆ ಕಡೆ ಈಗ ತಲೆ ಹಾಕಬೇಡಿ.

ಲೆಕ್ಕ ಇಟ್ಟು ಬರೆಯುವುದು ಫ್ಯಾಕ್ಟರಿ ಕೆಲಸ ಅನ್ನುವ ಅನುಮಾನ ನಿಮ್ಮ ಮಾತಿನಲ್ಲಿದೆ. ಕೋಲಾರದ ಕಡೆಯವರು ಹಾಗನ್ನಬಾರದು. ಕೋಲಾರದಲ್ಲೇ ಹುಟ್ಟಿದ ಶತಾವಧಾನಿ ಆರ್. ಗಣೇಶ್ ಸಾವಿರಕ್ಕೂ ಹೆಚ್ಚು ಅವಧಾನ ಮಾಡಿದ್ದಾರೆ. ಅಷ್ಟಾವಧಾನದಲ್ಲಿ ಎಂಟು ಜನ ಸುತ್ತ ಕೂತು, ನಿಂತ ಕಾಲಲ್ಲೇ ಪದ್ಯ ಕಟ್ಟುವವರಿಗೆ ಕಾಟ ಕೊಡುತ್ತಾರೆ. ಒಬ್ಬರು ನಾಲ್ಕು ಸಂಬಂಧವಿಲ್ಲದ ಪದ ಕೊಟ್ಟು, ಇವನ್ನು ಬಳಸಿ ಇಂಥ ವಿಷಯಕ್ಕೆ ಪದ್ಯ ಹೇಳಿ ಅನ್ನುತ್ತಾರೆ. ಅದು ದತ್ತಪದಿ. ಇನ್ನೊಬ್ಬರು ಮುಂದಿನ ಅಕ್ಷರ ಇದು ಬರಕೂಡದು ಅಂತ ಹೆಜ್ಜೆ ಹೆಜ್ಜೆಗೂ ತಡೆಯುತ್ತಾರೆ. ಅದು ನಿಷೇಧಾಕ್ಷರಿ. ಮಧ್ಯೆ ಒಬ್ಬರು ಗಂಟೆ ಬಾರಿಸುತ್ತಾರೆ, ಎಷ್ಟು ಸಲ ಬಾರಿಸಿದರು ಅಂತ ಕೊನೆಗೆ ಹೇಳಬೇಕು. ಅಷ್ಟೆಲ್ಲ ಕಟ್ಟುಪಾಡಿನಲ್ಲೂ ಪದ್ಯ ಹುಟ್ಟುತ್ತದೆ. ಅಂಥ ವಿದ್ವತ್ತು ನನಗೂ ಇಲ್ಲ, ನಿಮಗೂ ಬೇಕಿಲ್ಲ. ಆದರೆ ದತ್ತಪದಿ ಮನೆಯಲ್ಲಿ ಆಡಬಹುದಾದ ಆಟ. ಬೆಳಿಗ್ಗೆ ಡಬ್ಬಿ ಕಟ್ಟುವಾಗ ಮಗನ ಹತ್ತಿರ ನಾಲ್ಕು ಪದ ಕೇಳಿ. ಅವನು "ಚಾರ್ಜರ್, ಹುಣಸೆಹಣ್ಣು, ಹೋಂವರ್ಕ್, ನಾಯಿ" ಅಂತಾನೆ. ಸಂಜೆಯೊಳಗೆ ಆ ನಾಲ್ಕೂ ಹಾಡಿನಲ್ಲಿ ಬರಬೇಕು. "ಇವತ್ತು ಏನು ಬರೆಯಲಿ" ಅಂತ ಕೂರುವ ಕಷ್ಟ ಅಲ್ಲಿಗೇ ಮುಗಿಯಿತು.

ಈಗ ಎರಡನೇ ಚರಣ. ಇದನ್ನು ಬರೆದೇ ತೋರಿಸುತ್ತೇನೆ.

ನೀವು ದಿನಾ ಕೋಲಾರಕ್ಕೆ ಹೋಗುವವರು, ಟೊಮೆಟೊ ಗಾಡಿ ನೋಡದ ದಿನ ಇಲ್ಲ. 2023ರ ಜುಲೈನಲ್ಲಿ ಇಲ್ಲಿನ ಎಪಿಎಂಸಿಯಲ್ಲಿ 15 ಕೆ.ಜಿ.ಯ ಬಾಕ್ಸ್ 2000 ರೂಪಾಯಿ ದಾಟಿತ್ತು. ರೇಟು ಬಿದ್ದಾಗ ರಸ್ತೆ ಪಕ್ಕ ಸುರಿದು ಹೋದದ್ದನ್ನೂ ಇದೇ ಊರು ನೋಡಿದೆ. ಹಾಡಿಗೆ ವಿಷಯ ಹುಡುಕಬೇಕಾ? ಮಂಡಿಗೆ ಹೋದ ಮಗನನ್ನು ತಾಯಿ ಕಾಯುತ್ತಿದ್ದಾಳೆ ಅಂದುಕೊಳ್ಳಿ. ಪಲ್ಲವಿ:

ರೇಟು ಬಿದ್ದರೆ ಬಿದ್ದು ಹೋಗಲಿ
ಊಟ ಆರುವ ಮುಂಚೆ ಬಾರೋ

ಕೈ ತಟ್ಟಿ ನೋಡಿ. ತಕಿಟ ತಕಧಿಮಿ, ತಕಿಟ ತಕಧಿಮಿ. ಮೂರು, ನಾಲ್ಕು, ಮೂರು, ನಾಲ್ಕು. ಇದು ಹೊಸದೇನಲ್ಲ, ಕುಮಾರವ್ಯಾಸನ ಭಾಮಿನಿ ಷಟ್ಪದಿಯ ನಡಿಗೆ ಇದೇ. ಕರ್ನಾಟಕ ಸಂಗೀತದವರು ಮಿಶ್ರ ಛಾಪು ಅನ್ನುವ ಏಳರ ತಾಳಕ್ಕೂ ಹೊಂದುತ್ತದೆ. ರೇಟು, ಊಟ: ಎರಡೂ ಸಾಲಿನ ಎರಡನೇ ಅಕ್ಷರ ಟಕಾರ. ನಮ್ಮ ಹಳೆಯ ಕವಿಗಳ ಪ್ರಾಸ ಸಾಲಿನ ಕೊನೆಯಲ್ಲಿ ಅಲ್ಲ, ಇಲ್ಲೇ ಇರುತ್ತಿತ್ತು. ಸಿನಿಮಾ ಹಾಡು ಕೇಳಿ ಕೇಳಿ ನಮಗೆ ಬರೀ ಕೊನೆಯ ಪ್ರಾಸ ರೂಢಿಯಾಗಿದೆ. ಅದನ್ನು ಬಿಟ್ಟು ಮೊದಲಿನ ಪ್ರಾಸ ಹಿಡಿದರೆ ಸವೆದ ಜೋಡಿಪದಗಳಿಂದ ತಪ್ಪಿಸಿಕೊಳ್ಳಬಹುದು.

ಮೊದಲ ಚರಣ ಸಲೀಸು:

ನೂರು ಬಾಕ್ಸಿನ ಗಾಡಿ ಹೋಯಿತು
ಊರು ಮಲಗಿರುವಾಗಲೇ

ಇಲ್ಲಿಂದ ಮುಂದಕ್ಕೆ ಎಲ್ಲರೂ ಸಿಕ್ಕಿಕೊಳ್ಳುತ್ತಾರೆ. ತಾಯಿಯನ್ನೇ ಹಿಡಿದುಕೊಂಡರೆ ನಿದ್ದೆ ಬರಲಿಲ್ಲ, ಕಣ್ಣು ಬಾಡಿತು, ದಾರಿ ಕಾದೆ ಅಂತ ಅದನ್ನೇ ಮತ್ತೆ ಮತ್ತೆ ಹೇಳಬೇಕು. ಪಲ್ಲವಿಯಲ್ಲಿ ಇರುವುದೂ ಅದೇ. ಆದ್ದರಿಂದ ತಾಯಿಯನ್ನು ಬಿಟ್ಟು ಮಗನ ಹತ್ತಿರ ಹೋಗೋಣ. ಅವನು ಕೋಲಾರದಲ್ಲಿ ಏನು ಮಾಡುತ್ತಿದ್ದಾನೆ?

ಚೀಟಿ ಕೊಟ್ಟರು, ಕಾಸು ನಾಳೆಗೆ
ಪೇಟೆ ದಾಟಿದೆ ಕಡೆಯ ಬಸ್ಸು

ಈಗ ಮತ್ತೆ ಪಲ್ಲವಿ ಹಾಡಿ ನೋಡಿ. "ಊಟ ಆರುವ ಮುಂಚೆ ಬಾರೋ." ಒಂದಕ್ಷರ ಬದಲಾಗಿಲ್ಲ. ಆದರೆ ಅವನು ಬರುವುದಿಲ್ಲ ಅಂತ ಕೇಳುವವರಿಗೆ ಗೊತ್ತು, ತಾಯಿಗೆ ಗೊತ್ತಿಲ್ಲ. ಎರಡನೇ ಚರಣ ಇರುವುದೇ ಇದಕ್ಕೆ. ಅದು ಹೊಸ ವಿಷಯ ತುಂಬಬೇಕಿಲ್ಲ, ಪಲ್ಲವಿ ಇನ್ನೊಂದು ಥರ ಕೇಳುವ ಹಾಗೆ ಮಾಡಿದರೆ ಸಾಕು. ಇದೇನು ದೊಡ್ಡ ಹಾಡಲ್ಲ. ನಿಮಗೆ ಉತ್ತರ ಬರೆಯುತ್ತಾ ಕಟ್ಟಿದ್ದು. ಆದರೆ ಮುಗಿದಿದೆ, ಹಾಡಬಹುದು.

ಹೇಳುವವರನ್ನು ಬದಲಾಯಿಸುವುದು ಒಂದು ದಾರಿ. ಹೊತ್ತು ಬದಲಾಯಿಸುವುದು ಇನ್ನೊಂದು: ಮೊದಲ ಚರಣ ಬೆಳಗಿನ ಜಾವ, ಎರಡನೆಯದು ಹತ್ತು ವರ್ಷ ಆದಮೇಲೆ. ಏನೂ ಹೊಳೆಯದಿದ್ದರೆ ಸೋಬಾನೆ ಹಾಡುವ ಅಜ್ಜಿಯರ ದಾರಿ ಹಿಡಿಯಿರಿ. ಅರಿಶಿನ ತಂದವರು ಯಾರು, ಕುಂಕುಮ ತಂದವರು ಯಾರು, ಬಳೆ ತಂದವರು ಯಾರು. ಸಾಲು ಅದೇ, ವಸ್ತು ಮಾತ್ರ ಬೇರೆ. ನಾವು ಅದನ್ನು ಸುಮ್ನೆ ಪಟ್ಟಿ ಅಂದುಕೊಳ್ಳುತ್ತೇವೆ. ಆದರೆ ರಾತ್ರಿಯೆಲ್ಲ ಹಾಡಬೇಕಾದವರು ಕಂಡುಕೊಂಡ ಉಪಾಯ ಅದು. ಲೆಕ್ಕ ಬರೆಯುವ ನಿಮಗೆ ಪಟ್ಟಿ ಕಷ್ಟವಾಗಬಾರದು.

ಮುಗಿಸುವುದಕ್ಕೆ ನಿಮ್ಮ ಊರಿನವರೇ ಇನ್ನೊಂದು ಸಾಧನ ಕೊಟ್ಟಿದ್ದಾರೆ. ಅಂಕಿತ. ನಿಮ್ಮ ಕೈವಾರ ತಾತಯ್ಯನವರ ಪದಗಳು ಅಮರನಾರೇಯಣನ ಹೆಸರಿಗೆ ಬಂದು ನಿಲ್ಲುತ್ತವೆ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. 1943ರಲ್ಲಿ ಹೊರತಂದ ಕಗ್ಗದಲ್ಲಿ 945 ಪದ್ಯ. ಅಚ್ಚು ಒಂದೇ, ಕೊನೆಗೆ ಮಂಕುತಿಮ್ಮ. ಅಂಕಿತ ಅಂದರೆ ಭಕ್ತಿಯ ಗುರುತು, ಕವಿಯ ಸಹಿ ಅಂತ ಹೇಳುತ್ತಾರೆ, ಸರಿ. ಬರೆಯುವವರ ಕಡೆಯಿಂದ ನೋಡಿದರೆ ಅದೊಂದು ನಿಲ್ದಾಣವೂ ಹೌದು. ಎಲ್ಲಿಗೆ ಹೋಗಿ ನಿಲ್ಲಬೇಕು ಅಂತ ಮೊದಲೇ ಗೊತ್ತಿದ್ದರೆ ದಾರಿ ತಪ್ಪುವ ಭಯ ಕಡಿಮೆ. ಈ ಒಂದು ತಿಂಗಳಿಗೆ ನಿಮಗೊಂದು ಅಂಕಿತ ಇಟ್ಟುಕೊಳ್ಳಿ. ದೇವರ ಹೆಸರೇ ಆಗಬೇಕಿಲ್ಲ, ಮಗನ ಮುದ್ದಿನ ಹೆಸರು ಆದರೂ ಆಯಿತು. ಎಂಟೂ ಹಾಡು ಅದೇ ಹೆಸರಿನಲ್ಲಿ ಮುಗಿಯಲಿ. ತಿಂಗಳಾದ ಮೇಲೆ ಬೇಡ ಅನಿಸಿದರೆ ತೆಗೆದುಹಾಕಿ.

ತೆಲುಗಿನ ಬಗ್ಗೆ ನೀವು ಸಂಕೋಚದಿಂದ ಬರೆದಿದ್ದೀರಿ. ಸಂಕೋಚ ಯಾಕೆ? ತಾತಯ್ಯನವರು ಬಳೆ ಮಾರುತ್ತಿದ್ದವರು ಅಂತ ನಿಮ್ಮ ಕಡೆ ಎಲ್ಲರಿಗೂ ಗೊತ್ತು. ಕನ್ನಡದಲ್ಲೂ ಹಾಡಿದರು, ತೆಲುಗಿನಲ್ಲೂ ಹಾಡಿದರು. ಚಿಂತಾಮಣಿ ಸಂತೆಯಲ್ಲಿ ಚೌಕಾಸಿ ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುವುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಎಂಟರಲ್ಲಿ ಒಂದು ಹಾಡಾದರೂ ಹಾಗಿರಲಿ: ಅತ್ತೆ ಮಾತಾಡುವಾಗ ತೆಲುಗು, ಸೊಸೆ ಮನಸ್ಸಿನಲ್ಲಿ ಅಂದುಕೊಳ್ಳುವಾಗ ಕನ್ನಡ. ಬೆಂಗಳೂರಿನ ಗೆಳತಿಗೆ ಅಂಥ ಹಾಡು ಬರೆಯಲು ಆಗುವುದಿಲ್ಲ, ನಿಮಗೆ ಆಗುತ್ತದೆ.

ಹಾರ್ಮೋನಿಯಂ ಹೋದದ್ದಕ್ಕೆ ಈ ತಿಂಗಳ ಮಟ್ಟಿಗೆ ಚಿಂತೆ ಬೇಡ. ಅದು ಮುಂದೆ ಇದ್ದರೆ ಬೆರಳು ಹಳೆಯ ಹಾಡಿನ ಸ್ವರಗಳಿಗೇ ಹೋಗಿ ಕೂರುತ್ತದೆ. ತಾಳದಿಂದ ಶುರು ಮಾಡಿ. ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗೆ. ಸ್ವರ ಇಲ್ಲದ ವಾದ್ಯ ಅದು. ಆದರೂ ಅದರ ಏಟು ಕೇಳಿದರೆ ಕಾಲು ಸುಮ್ಮನಿರುತ್ತದಾ? ಬಸ್ಸಿನ ಸೀಟಿನ ಕಂಬಿಯ ಮೇಲೆ ಬೆರಳಿನಲ್ಲಿ ತಟ್ಟಿ. ಮೂರು-ನಾಲ್ಕು ಒಂದು ದಿನ, ಬರೀ ನಾಲ್ಕು ಇನ್ನೊಂದು ದಿನ, ಐದು ಮತ್ತೊಂದು ದಿನ. ತಾಳ ಕೂತ ಮೇಲೆ "ತಾನ ತಂದಾನ" ಅಂತ ಅರ್ಥವಿಲ್ಲದೆ ಗುನುಗಿ. ಮಾತು ಆಮೇಲೆ ಬರಲಿ.

ಒಬ್ಬರೇ ಕೂರುವ ಜಾಗ ಇಲ್ಲ ಅಂದಿರಿ. ಕಿಟಕಿ ಪಕ್ಕದ ಸೀಟು ಸಿಕ್ಕಿದ ದಿನ ನೀವು ಒಬ್ಬರೇ. ಹಾಡಿದರೆ ಜನ ನೋಡುತ್ತಾರೆ ಅನ್ನುವುದು ನಿಜ. ಅದಕ್ಕೊಂದು ಉಪಾಯ ಇದೆ. ರೆಕಾರ್ಡರ್ ಆನ್ ಮಾಡಿ, ಫೋನ್ ಕಿವಿಗೆ ಹಿಡಿದು, ಮೆಲ್ಲಗೆ ಗುನುಗಿ. ಯಾರ ಜೊತೆಗೋ ಮಾತಾಡುತ್ತಿದ್ದೀರಿ ಅಂದುಕೊಂಡು ಪಕ್ಕದವರು ಮುಖ ತಿರುಗಿಸಿಕೊಳ್ಳುತ್ತಾರೆ. ಕಂಡಕ್ಟರ್ ಶಿಳ್ಳೆ, ಹಾರನ್ ಎಲ್ಲ ರೆಕಾರ್ಡಿಂಗ್‌ನಲ್ಲಿ ಬರಲಿ ಬಿಡಿ.

8 ಯಾಕೆ ಅಂದೆನಲ್ಲ. 14 ಬರೆಯಬೇಕಾದರೆ ಒಂದು ದಿನ ತಪ್ಪಿದರೂ ಬಾಕಿ ಏರುತ್ತದೆ. ಮಗನಿಗೆ ಜ್ವರ ಬಂದರೆ ಎರಡು ಹಾಡು ಸಾಲ. ಸಾಲ ಏರಿದ ಮೇಲೆ ಮನುಷ್ಯ ಏನು ಮಾಡುತ್ತಾನೆ ಅಂತ ಸಹಕಾರ ಸಂಘದವರಿಗೆ ನಾನು ಹೇಳಬೇಕಾ? ಆ ಕಡೆ ತಿರುಗಿಯೂ ನೋಡುವುದಿಲ್ಲ. ಹಾಗಂತ ವಾರಕ್ಕೆ ಒಂದೇ ಇಟ್ಟುಕೊಂಡರೂ ಕೆಡುತ್ತದೆ. ಆರು ದಿನ ಯೋಚನೆ ಮಾಡಿ, ಏಳನೇ ದಿನ ಮೊದಲ ಸಾಲು ತಿದ್ದುತ್ತಾ ಕೂರುತ್ತೀರಿ. ವಾರಕ್ಕೆ ಎರಡು ಸರಿಯಾದ ಹದ. ಒಂದು ದಿನ ಪಲ್ಲವಿ, ಮೊದಲ ಚರಣ. ಮರುದಿನ ಎರಡನೇ ಚರಣ ಬರೆದು ರೆಕಾರ್ಡ್. ಒಂದು ದಿನ ರಜೆ, ಮತ್ತೆ ಶುರು.

ಫೆಬ್ರವರಿಗೆ ಕಾಯಬೇಡಿ ಅನ್ನುವುದು ನನ್ನ ಸಲಹೆ. ಮಾರ್ಚ್ 31ಕ್ಕೆ ಲೆಕ್ಕ ಮುಗಿಸಬೇಕು, ವಸೂಲಿ ಗಡಿಬಿಡಿ ಫೆಬ್ರವರಿಯಲ್ಲೇ ಶುರುವಾಗುತ್ತದೆ. ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಗೆ ಇಟ್ಟುಕೊಳ್ಳಿ, ಹೆಚ್ಚುಕಡಿಮೆ ಅಷ್ಟೇ ದಿನ. ಕೋಲಾರದ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ವರ್ಷಗಟ್ಟಲೆ "ಹುಣ್ಣಿಮೆ ಹಾಡು" ನಡೆಸಿದ್ದೂ ಇದೇ ಲೆಕ್ಕದಲ್ಲಿ. ಹುಣ್ಣಿಮೆ ಬಂತು ಅಂದರೆ ಹಾಡು ರೆಡಿ ಇರಬೇಕು.

ಗೆಳತಿಯನ್ನು ಮಾತ್ರ ಬಿಡಬೇಡಿ. ಈ ಸವಾಲುಗಳು ನಡೆಯುವುದು ಸಂಖ್ಯೆಯಿಂದ ಅಲ್ಲ, ಆ ಕಡೆ ಒಬ್ಬರು ಕಾಯುತ್ತಿದ್ದಾರೆ ಅನ್ನುವುದರಿಂದ. ಭಾನುವಾರ ಅವರದು ನಿಮಗೆ, ನಿಮ್ಮದು ಅವರಿಗೆ. ಕೇಳಿದ ಮೇಲೆ "ಚೆನ್ನಾಗಿದೆ", "ಚೆನ್ನಾಗಿಲ್ಲ" ಎರಡೂ ಹೇಳಕೂಡದು. ಯಾವ ಸಾಲು ಮಾರನೇ ದಿನವೂ ನೆನಪಿತ್ತು ಅಂತ ಒಂದೇ ಒಂದು ಹೇಳಬೇಕು. ಮನೆಯವರಿಗೆ ಕೇಳಿಸುವುದನ್ನು ಸ್ವಲ್ಪ ಮುಂದಕ್ಕೆ ಹಾಕಿ. ಪ್ರೀತಿ ಇರುತ್ತದೆ, ಆದರೆ ಹಾಡು ಕೇಳುತ್ತಲೇ "ಸಾರಿಗೆ ಉಪ್ಪು ಹಾಕಿದೆಯಾ" ಅಂತಲೂ ಕೇಳುತ್ತಾರೆ. ವಾಟ್ಸಾಪ್ ಸ್ಟೇಟಸ್ ಅಂತೂ ಬೇಡವೇ ಬೇಡ. ಎಷ್ಟು ಜನ ನೋಡಿದರು ಅಂತ ಎಣಿಸುತ್ತಾ ಕೂತರೆ ಮುಂದಿನ ಹಾಡಿನ ಹೊತ್ತು ಅಲ್ಲಿಗೇ ಹೋಗುತ್ತದೆ.

ಕೆಟ್ಟದಾಗಿ ಬಂದರೆ ಏನು ಮಾಡಲಿ ಅಂದಿರಿ. ಬರುತ್ತದೆ. ಎಂಟರಲ್ಲಿ ಜಾಸ್ತಿ ಹಾಡುಗಳು ಹಾಗೇ ಇರುತ್ತವೆ. ಅಳಿಸಬೇಡಿ, ತಿದ್ದಲೂಬೇಡಿ. ರೆಕಾರ್ಡಿಂಗ್ ಶುರುವಿನಲ್ಲಿ ತಾರೀಖು ಹೇಳಿ ಹಾಡಿ, ಎತ್ತಿಡಿ. ತಿಂಗಳು ಮುಗಿದ ಮೇಲೆ ಇನ್ನೊಂದು ತಿಂಗಳು ಮುಟ್ಟದೆ, ಆಮೇಲೆ ಕೇಳಿ. ಮೂರನೇ ಹಾಡಿನ ಪಲ್ಲವಿ ಏಳನೇ ಹಾಡಿನ ಚರಣಕ್ಕೆ ಸರಿಯಾಗಿ ಕೂರುವುದು ಆಗಲೇ ಕಾಣುತ್ತದೆ. ಹಳೆಯ ನೋಟ್‌ಬುಕ್ ತೆಗೆಯುವುದಾದರೂ ಆಗಲೇ ತೆಗೆಯಿರಿ. ಮುಗಿಸುವ ಕೈ ಪಳಗಿರುತ್ತದೆ.

ಒಂದು ಮಾತು ಪಕ್ಕದಲ್ಲಿ. ಹಾಡು ಮಾತ್ರ ಬರುತ್ತಿಲ್ಲ ಅಂದರೆ ಈ ಉಪಾಯಗಳು ಸಾಕು. ನಿದ್ದೆ, ಊಟ, ಮಗನ ಜೊತೆಗಿನ ಮಾತು ಯಾವುದರಲ್ಲೂ ವಾರಗಟ್ಟಲೆ ಮನಸ್ಸಿಲ್ಲದಿದ್ದರೆ ಅದು ಬೇರೆ ವಿಷಯ. ಸವಾಲು ಆಮೇಲೆ, ಮೊದಲು ಡಾಕ್ಟರ್. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ. ಆದರೂ ಹೇಳಿರಬೇಕು.

ಕೊನೆಯದು ಯೂಟ್ಯೂಬ್. ಮಾತೂ ನಿಮ್ಮದು, ರಾಗವೂ ನಿಮ್ಮದು ಅಂದರೆ ಧಾರಾಳವಾಗಿ ಹಾಕಿ. ಹಕ್ಕು ನಿಮ್ಮದಾಗಲು ಎಲ್ಲೂ ನೋಂದಣಿ ಮಾಡಿಸಬೇಕಿಲ್ಲ. ತಾರೀಖು ಹೇಳಿ ರೆಕಾರ್ಡ್ ಮಾಡಿ ಅಂದೆನಲ್ಲ, ನಾಳೆ ಯಾರಾದರೂ ತಕರಾರು ತೆಗೆದರೆ ಅದು ನೆರವಿಗೆ ಬರುತ್ತದೆ. ಸಿನಿಮಾ ಟ್ಯೂನಿಗೆ ನಿಮ್ಮ ಮಾತು ಕೂರಿಸುವುದು ಒಳ್ಳೆಯ ಅಭ್ಯಾಸ. ಕಂಪನಿ ನಾಟಕದವರು ಕೇಳಿದ ಮಟ್ಟುಗಳಿಗೆ ಹೊಸ ಪದ ಹಾಕಿಕೊಂಡೇ ಬೆಳೆದರು. ಆದರೆ ಅದು ಮನೆಯಲ್ಲೇ ಇರಲಿ. ಅಪ್‌ಲೋಡ್ ಮಾಡಬೇಕಾದರೆ ಟ್ಯೂನಿನ ಹಕ್ಕು ಇರುವವರ ಒಪ್ಪಿಗೆ ಬೇಕು. ಬೇರೆ ಕವಿಯ ಪದ್ಯಕ್ಕೆ ರಾಗ ಹಾಕುವುದಾದರೆ, ನಮ್ಮ ಕಾನೂನಿನಲ್ಲಿ ಹಕ್ಕು ಕವಿ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, ಹಾಗಾಗಿ ಕಗ್ಗಕ್ಕೆ 2035ರ ಕೊನೆಯವರೆಗೆ ಒಪ್ಪಿಗೆ ಕೇಳಬೇಕು. ತಾತಯ್ಯನವರ ಪದಗಳಿಗೆ ಆ ತೊಂದರೆ ಇಲ್ಲ. ಆದರೆ ಈಗಿನ ಗಾಯಕರು ಅವಕ್ಕೆ ಹಾಕಿರುವ ರಾಗ ಅವರವರದ್ದು. ಪದ ತೆಗೆದುಕೊಳ್ಳಿ, ರಾಗ ನೀವೇ ಹಾಕಿ.